ಕೆಂಪೇಳುವ ಮೊದಲು

ಪಾರ್ಲರಿನ ಗಾಜಿನ ಬಾಗಿಲು ದಾಟಿದ ಕೂಡಲೇ ಅವನು ಚಿಕ್ಕಮ್ಮನನ್ನು ‘ಮೇಡಂ’ ಎನ್ನಬೇಕಿತ್ತು. ಯಜಮಾನಿಗೆ ಇದರಲ್ಲಿ ಕೈಯಿರಲಿಲ್ಲ, ನಿಯಮ ಮಾಡಿದವಳು ಚಿಕ್ಕಮ್ಮನೇ. ಮನೆಯಿಂದ ಬಸ್ ಸ್ಟಾಪಿನವರೆಗೆ ಚಿಕ್ಕಮ್ಮ, ಬಸ್ಸಿನಲ್ಲಿ ಚಿಕ್ಕಮ್ಮ, ಬಾಗಿಲಿನ ಒಳಗೆ ಮೇಡಂ. ಒಂದು ದಿನ ಬಾಯಿ ತಪ್ಪಿ, ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತಿದ್ದ ನಾಲ್ಕು ಜನರ ಎದುರು, “ಚಿಕ್ಕಮ್ಮಾ, ನನ್ನ ಊಟದ ಡಬ್ಬಿ ಎಲ್ಲಿಟ್ಟೆ?” ಎಂದುಬಿಟ್ಟ. ಇಪ್ಪತ್ತೇಳು ವರ್ಷದ ಗಂಡಸು. ಗಡ್ಡ ಬೇರೆ ಬಿಟ್ಟಿದ್ದ.

“ಅವರೇ ತುತ್ತು ಮಾಡಿ ಬಾಯಿಗಿಡ್ತಾರೋ, ಇಲ್ಲ ನೀನೇ ತಿಂತೀಯೋ?” ಎಂದು ಕೂದಲು ಕತ್ತರಿಸುವವನು ಕನ್ನಡಿಯೊಳಗಿಂದಲೇ ಕೇಳಿದ.

ಅವನಿಗೆ ಅಲ್ಲಿ ‘ಕತ್ತರಿ’ ಎಂದು ಹೆಸರು. ಇವನಿಗೆ ‘ಟವೆಲ್ಲು’. ಕೆಲಸಕ್ಕೆ ಸೇರಿದ ಮೊದಲ ವರ್ಷವಿಡೀ ಟವೆಲ್ ನೆನೆಸುವುದು, ಹಿಂಡುವುದು, ಮಡಿಸುವುದು ಬಿಟ್ಟು ಇನ್ನೇನನ್ನೂ ಚಿಕ್ಕಮ್ಮ ಅವನಿಗೆ ಮುಟ್ಟಗೊಟ್ಟಿರಲಿಲ್ಲ. ಆಮೇಲೆ ಕೆಲಸ ಬದಲಾಯಿತು, ಹೆಸರು ಅಂಟಿಕೊಂಡಿತು.

ಅದಕ್ಕೂ ಮೊದಲು ಅವನು ಮೊಬೈಲ್ ಅಂಗಡಿಯಲ್ಲಿದ್ದ, ಒಂದು ಜಿಮ್ಮಿನ ಮುಂದೆ ನಿಂತು ಚೀಟಿ ಹಂಚಿದ್ದ, ವಿಮೆ ಮಾರಿದ್ದ. ಜಿಮ್ಮಿನವರು ಅವನ ತೋಳು ನೋಡಿ ಮೂರನೇ ವಾರ ಮನೆಗೆ ಕಳಿಸಿದರು. ಚೀಟಿ ಹಂಚುವವನೇ ಹೀಗಿದ್ದರೆ ಒಳಗೆ ಯಾರು ಬರುತ್ತಾರೆ ಎಂಬುದು ಅವರ ನ್ಯಾಯವಾದ ಪ್ರಶ್ನೆ. ವಿಮೆಯಲ್ಲಿ ಇನ್ನೊಂದು ತೊಂದರೆ. ಎದುರಿನವರು “ನಾಳೆ ನನಗೇನಾದ್ರೂ ಆದ್ರೆ?” ಎಂದು ಕೇಳಿದ ಕೂಡಲೇ ಇವನ ಕಣ್ಣೇ ತುಂಬಿಕೊಳ್ಳುತ್ತಿತ್ತು. ಆ ಮುಖ ನೋಡಿದ ಮೇಲೆ ಯಾರಿಗೂ ಸಹಿ ಹಾಕುವ ಧೈರ್ಯ ಬರುತ್ತಿರಲಿಲ್ಲ. ಕಡೆಗೆ ಚಿಕ್ಕಮ್ಮ ಅವನ ಎರಡೂ ಅಂಗೈ ಹಿಡಿದು ನೋಡಿ, “ನಿನ್ನ ಕೈ ಯಾವಾಗ್ಲೂ ತಣ್ಣಗಿರುತ್ತೆ. ಅದೊಂದಾದ್ರೂ ಉಪಯೋಗಕ್ಕೆ ಬರುತ್ತಾ ನೋಡೋಣ, ಬಾ,” ಎಂದು ಕರೆದುಕೊಂಡು ಹೋದಳು. ಇಷ್ಟುದ್ದದ ಮೈಯಲ್ಲಿ ಕೆಲಸಕ್ಕೆ ಬಂದದ್ದು ಎರಡು ಅಂಗೈ ಮಾತ್ರ ಎಂದು ಅವನು ಬೇಸರ ಮಾಡಿಕೊಳ್ಳಲಿಲ್ಲ. ಎರಡಾದರೂ ಬಂದವಲ್ಲ.

ಅವನಿಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಪ್ಪ ಎನ್ನಿಸಿಕೊಂಡವನು ಅದಕ್ಕೂ ಮೊದಲೇ ಬೇರೆ ಮನೆ ಮಾಡಿಕೊಂಡಿದ್ದ. ಅಮ್ಮನ ತಂಗಿ ಒಂದು ಸೂಟ್‌ಕೇಸ್ ಹಿಡಿದು ಬಂದು, “ಹದಿನೈದು ದಿನ ಇರ್ತೀನಿ,” ಎಂದವಳು ಹಾಗೇ ಉಳಿದಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ ಅವನತ್ತ ಬೆರಳು ತೋರಿಸಿ, “ಇದೊಂದನ್ನ ಸಾಕಿದ್ದೇ ಸಾಕಾಗಿದೆ,” ಎನ್ನುತ್ತಿದ್ದಳು. ಜನ ನಗುತ್ತಿದ್ದರು. ಅವನೂ ನಗುತ್ತಿದ್ದ. ಆ ಮಾತಿನಲ್ಲಿ ಎಷ್ಟು ಭಾಗ ತಮಾಷೆ ಎಂದು ಲೆಕ್ಕ ಹಾಕಲು ಹೋಗುತ್ತಿರಲಿಲ್ಲ.

ಪಾರ್ಲರಿನಲ್ಲಿ ಹಿಂದಿನ ಕೋಣೆ ಚಿಕ್ಕಮ್ಮನದು. ಮುಂದಿನ ಹಾಲಿನಲ್ಲಿ ಫೇಶಿಯಲ್ ಎಂದರೆ ಹಬೆ ಕೊಡು, ಉಜ್ಜು, ಹಿಂಡು, ಪ್ಯಾಕ್ ಬಳಿ, ಒಣಗಲಿ, ಸಿಪ್ಪೆ ಕೀಳು. ಹಿಂದಿನ ಕೋಣೆಗೆ ಬರುವವರ ಮುಖಕ್ಕೆ ಇದರಲ್ಲಿ ಒಂದೂ ಆಗುತ್ತಿರಲಿಲ್ಲ. ಸಾಬೂನು ಸೋಕಿದರೆ ಉರಿ, ಬಿಸಿಲಿಗೆ ಹೋದರೆ ದದ್ದು, ಯಾರದೋ ಮಾತು ಕೇಳಿ ಹೊಸ ಕ್ರೀಮ್ ಹಚ್ಚಿಕೊಂಡರೆ ನಾಲ್ಕು ದಿನ ಮನೆಯಿಂದ ಆಚೆ ಬರುವ ಹಾಗಿಲ್ಲ. ಇಂಥವರಿಗೆ ಚಿಕ್ಕಮ್ಮನ ವಿದ್ಯೆಯೆಲ್ಲ ಕಳೆಯುವ ಲೆಕ್ಕದ್ದು. ಹಬೆ ತೆಗೆದಳು, ಅದರ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ತೆಳು ಬಟ್ಟೆ. ಸ್ಕ್ರಬ್ ತೆಗೆದಳು. ಘಮಘಮ ಎನ್ನುವುದನ್ನೆಲ್ಲ ತೆಗೆದಳು. ನೊರೆ ಬರುವುದನ್ನು ತೆಗೆದು ಹಾಲಿನಂಥ ಕ್ಲೆನ್ಸರ್ ಇಟ್ಟಳು. ಉಜ್ಜುವ ಬದಲು ಒತ್ತಬೇಕು, ಮಾಸ್ಕ್ ಒಣಗುವ ಮೊದಲೇ ಎತ್ತಬೇಕು. ಹೊಸದು ಏನೇ ಇದ್ದರೂ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾಯಬೇಕು.

“ನಾಳೆನೇ ಫಂಕ್ಷನ್ ಇದೆ ಮೇಡಂ,” ಎಂದು ಯಾರಾದರೂ ಓಡಿ ಬಂದರೆ, “ಹೌದಾ? ಹಾಗಾದ್ರೆ ನಾಡಿದ್ದು ಬನ್ನಿ,” ಎನ್ನುತ್ತಿದ್ದಳು.

ಪ್ರತಿಯೊಬ್ಬರಿಗೂ ಒಂದೊಂದು ಕಾರ್ಡು. ಅದರಲ್ಲಿ ಚಿಕ್ಕಮ್ಮನ ಗುಂಡಗಿನ ಅಕ್ಷರ: ‘ಎಡಗೆನ್ನೆಗೆ ಬೇಗ ಸಿಟ್ಟು ಬರುತ್ತದೆ. ಬಲಗೆನ್ನೆ ಸಾಧು.’ ‘ಮೂಗಿನ ಪಕ್ಕ ಏನೂ ಬೇಡ, ನೀರೂ ಬೇಡ.’ ‘ಮನೆಯಲ್ಲಿ ಜಗಳ ಆದ ವಾರ ಬಂದರೆ ಬರೀ ತಣ್ಣನೆಯ ಬಟ್ಟೆ.’

ಆ ಕೋಣೆಯಲ್ಲಿ ಗಡಿಯಾರ ಮಾತ್ರ ಇರಲಿಲ್ಲ. ಉಜ್ಜಲು ಆಗದ ಮುಖದ ಸತ್ತ ಚರ್ಮ ತೆಗೆಯಲು ಚಿಕ್ಕಮ್ಮ ಒಂದು ಮೆತ್ತಗಿನ ಆಮ್ಲ ಬಳಸುತ್ತಿದ್ದಳು. ಮೊಸರಿನಲ್ಲಿ ಇರುವಂಥದ್ದೇ, ಅದಕ್ಕೂ ಅರ್ಧ ನೀರು ಬೆರೆಸಿ. ಬಾಟಲಿಯ ಮೇಲೆ ಐದು ನಿಮಿಷ ಎಂದು ಬರೆದಿತ್ತು. ಆದರೆ ಇಲ್ಲಿ ಬರುವ ಮುಖಗಳಲ್ಲಿ ಒಂದು ಮೂರು ನಿಮಿಷ ತಡೆದರೆ ಇನ್ನೊಂದು ನಲವತ್ತು ಸೆಕೆಂಡಿಗೇ ಸಾಕಪ್ಪಾ ಎನ್ನುತ್ತಿತ್ತು. ಹೋದ ತಿಂಗಳು ತಡೆದದ್ದು ಈ ತಿಂಗಳು ತಡೆಯುತ್ತಿರಲಿಲ್ಲ. ಅದಕ್ಕೇ ಚಿಕ್ಕಮ್ಮ ಆಮ್ಲ ಹಚ್ಚಿದ ಮೇಲೆ ಎರಡು ಬೆರಳನ್ನು ಕೆನ್ನೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿ, ತಲೆಯನ್ನು ಚೂರು ಓರೆ ಮಾಡಿ ಕೂರುತ್ತಿದ್ದಳು, ಗೋಡೆಯಾಚೆ ಯಾರೋ ಮಾತಾಡುವುದನ್ನು ಕೇಳಿಸಿಕೊಳ್ಳುವವರ ಹಾಗೆ.

“ಚರ್ಮ ಕೆಂಪಾಗೋಕೆ ಮುಂಚೆ ಬಿಸಿ ಆಗುತ್ತೆ ಕಣೋ,” ಎಂದು ಕಲಿಸುವಾಗ ಹೇಳಿದ್ದಳು. “ಕಣ್ಣಿಗೆ ಕಾಣೋ ಹೊತ್ತಿಗೆ ತಡ ಆಗಿರುತ್ತೆ. ಬೆರಳಿಗೆ ಮೊದಲೇ ಗೊತ್ತಾಗುತ್ತೆ. ಗೊತ್ತಾದ ತಕ್ಷಣ ತೆಗೆದುಬಿಡ್ಬೇಕು. ಅಷ್ಟೇ ಕೆಲಸ.”

ಅಷ್ಟೇ ಕೆಲಸವನ್ನು ಹದಿನಾರು ವರ್ಷ ಮಾಡಿದ್ದಳು. ಒಂದು ಮುಖವೂ ಕೆಂಪೇರಿರಲಿಲ್ಲ. ಜನ ಅದನ್ನು ಕೈಗುಣ ಎನ್ನುತ್ತಿದ್ದರು.

ಅವಳ ಗಿರಾಕಿಗಳಲ್ಲಿ ಗಣಿತದ ಟೀಚರ್ ಬೇರೆಯೇ. ಮೊದಲ ಸಲ ಬಂದಾಗ ಕಣ್ಣಿನ ಕೆಳಗೆ ಪೂರ್ತಿ ಸ್ಕಾರ್ಫ್ ಸುತ್ತಿಕೊಂಡಿದ್ದರು. ಬಿಚ್ಚಿದರೆ ಎರಡೂ ಕೆನ್ನೆ, ಮೂಗು, ಗದ್ದ, ಎಲ್ಲ ಯಾರೋ ಈಗಷ್ಟೇ ಹೊಡೆದ ಹಾಗೆ ಕೆಂಪು. “ಮಕ್ಕಳು ನನ್ನನ್ನ ಟೊಮೆಟೊ ಅಂತಾರೆ,” ಎಂದರು, ಉತ್ತರ ಬೋರ್ಡಿನ ಮೇಲೆ ಬರೆದಷ್ಟೇ ನಿರ್ವಿಕಾರವಾಗಿ. ಮೊದಲ ಮೂರು ತಿಂಗಳು ಚಿಕ್ಕಮ್ಮ ಅವರಿಗೆ ಒದ್ದೆ ಬಟ್ಟೆ ಮತ್ತು ವಾಸನೆಯಿಲ್ಲದ ಕ್ರೀಮ್ ಬಿಟ್ಟು ಏನನ್ನೂ ಮುಟ್ಟಿಸಲಿಲ್ಲ.

“ಒದ್ದೆ ಬಟ್ಟೆ ಹಾಕಿಸ್ಕೊಳ್ಳೋಕೆ ನಾನು ಎರಡು ಬಸ್ ಹತ್ತಿ ಬರ್ಬೇಕಾ?” ಎಂದು ಟೀಚರ್ ಕೇಳಿದರು.

“ನೀವು ನನ್ನ ನಂಬಿದ್ರೆ ಸಾಲ್ದು ಟೀಚರ್. ಮುಖ ನಂಬಬೇಕಲ್ಲ.”

ಮುಖ ನಂಬಲು ಒಂದು ವರ್ಷ ತೆಗೆದುಕೊಂಡಿತು. ಎರಡನೇ ವರ್ಷ ಸ್ಕಾರ್ಫ್ ಕತ್ತಿಗಿಳಿಯಿತು. ಮೂರನೇ ವರ್ಷದ ಒಂದು ಮಧ್ಯಾಹ್ನ ಟೀಚರ್ ಮಲಗಿದ್ದಲ್ಲೇ ನಿದ್ದೆ ಹೋಗಿ ಸಣ್ಣಗೆ ಗೊರಕೆ ಹೊಡೆದರು. ಚಿಕ್ಕಮ್ಮ ತುಟಿಯ ಮೇಲೆ ಬೆರಳಿಟ್ಟು, ಅವನಿಗೆ ಉಸಿರಾಡಬೇಡ ಎನ್ನುವಂತೆ ಸನ್ನೆ ಮಾಡಿದಳು. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ಅವನು ತನ್ನ ಯಾವ ಪರೀಕ್ಷೆಯ ಫಲಿತಾಂಶದ ದಿನವೂ ಕಂಡಿರಲಿಲ್ಲ. ಕಾಣುವುದಕ್ಕೆ ಅವನು ಅವಕಾಶ ಕೊಟ್ಟಿದ್ದರೆ ತಾನೆ.

ಗೊತ್ತಾಗಿದ್ದು ಒಂದು ಟೀ ಲೋಟದಿಂದ. ಹತ್ತೂವರೆಗೆ ಟೀ ಬಂತು. ಎಲ್ಲರೂ ಗಾಜಿನ ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಊದುತ್ತಿದ್ದರೆ ಚಿಕ್ಕಮ್ಮ ಇಡೀ ಲೋಟವನ್ನು ಮುಷ್ಟಿಯಲ್ಲಿ ಹಿಡಿದು ಯಾವುದೋ ಕಾರ್ಡು ಓದುತ್ತಿದ್ದಳು.

“ಕೈಯೇನು ಕಬ್ಬಿಣದ್ದಾ ಮೇಡಂ?” ಎಂದು ಅವನು ನಕ್ಕ.

ಚಿಕ್ಕಮ್ಮ ಲೋಟ ನೋಡಿದಳು. ಆಮೇಲೆ ಕೆಳಗಿಟ್ಟಳು. ಬೆರಳ ತುದಿಗಳು ಬೆಂದು ಕೆಂಪಾಗಿದ್ದವು. ಅವಳು ಅವುಗಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಬೇರೆ ಯಾರದೋ ಕೈ ತಪ್ಪಿ ತನ್ನ ತೋಳಿಗೆ ಬಂದು ಸೇರಿದೆ ಎಂಬಂತೆ.

ಡಾಕ್ಟರು ಸೂಜಿಯ ಮೊನೆ ತಾಗಿಸಿ, “ಇಲ್ಲಿ? ಇಲ್ಲಿ?” ಎಂದು ಕೇಳುತ್ತ ಹೋದರು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ನರ ಸೋತಿದೆ, ಇನ್ನೂ ಮುಂದೆ ಹೋಗದಂತೆ ತಡೆಯಬಹುದು, ಹೋದದ್ದು ಬರುವುದು ಕಷ್ಟ ಎಂದರು. ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಪಕ್ಕ ಕೂತಳು.

“ಸ್ವಲ್ಪ ಜೋಮು ಹಿಡಿದಿದೆ ಅಷ್ಟೇ,” ಎಂದಳು ಆಮೇಲೆ. “ಯಾರಿಗೂ ಹೇಳ್ಬೇಡ.”

ಆಗ ಅವನಿಗೊಂದು ಉಪಾಯ ಹೊಳೆಯಿತು. ಜೀವನದಲ್ಲಿ ಅವನಿಗೆ ಹೊಳೆದ ಉಪಾಯಗಳ ಚರಿತ್ರೆ ಗೊತ್ತಿದ್ದ ಯಾರೇ ಆಗಲಿ ಅಲ್ಲೇ ತಡೆಯುತ್ತಿದ್ದರು. ಚಿಕ್ಕಮ್ಮ ತಡೆಯಲಿಲ್ಲ. ಅವಳಿಗೆ ಬೇರೆ ದಾರಿಯೂ ಇರಲಿಲ್ಲ.

ಉಪಾಯ ಇಷ್ಟೇ. ಚಿಕ್ಕಮ್ಮ ಒಂದು ಕೆನ್ನೆಯ ಮೇಲೆ ಬೆರಳಿಟ್ಟು ಕೂತಾಗ ಅವನು ಗಿರಾಕಿಯ ತಲೆಯ ಹತ್ತಿರ ನಿಂತು ತಲೆಪಟ್ಟಿ ಸರಿಮಾಡುವ ನೆವದಲ್ಲಿ ತನ್ನ ಬೆರಳ ಹಿಂಬದಿಯನ್ನು ಇನ್ನೊಂದು ಕೆನ್ನೆಗೆ ತಾಗಿಸುವುದು. ಬಿಸಿ ಏರಿತು ಎನ್ನಿಸಿದ ಕೂಡಲೇ ಒಮ್ಮೆ ಕೆಮ್ಮುವುದು. ಕೆಮ್ಮು ಕೇಳಿದೊಡನೆ ಚಿಕ್ಕಮ್ಮ ಆಮ್ಲ ಒರೆಸಿ ತಣ್ಣನೆಯ ಬಟ್ಟೆ ಹಾಕುವುದು. ಗಿರಾಕಿಗಳು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಮುಖದ ಮೇಲಿರುವುದೆಲ್ಲ ಒಬ್ಬಳದೇ ಕೈ ಎಂದುಕೊಳ್ಳುತ್ತಿದ್ದರು.

ಎಂಟು ತಿಂಗಳು ಹೀಗೇ ನಡೆಯಿತು. ದಿನಕ್ಕೆ ಐದಾರು ಸಲ ಹಿಂದಿನ ಕೋಣೆಯಿಂದ ಕೆಮ್ಮು ಕೇಳಿ ಯಜಮಾನಿ ಗಾಬರಿಯಾದರು, ಒಂದು ಬಾಟಲಿ ಸಿರಪ್ ತಂದುಕೊಟ್ಟು ಎದುರಿಗೇ ನಿಂತು ಕುಡಿಸಿದರು. ಕತ್ತರಿ ಅವನನ್ನು ಕಂಡಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದು, “ನಿನ್ನ ಆಯಸ್ಸು ಇನ್ನೆರಡು ತಿಂಗಳು ಕಣೋ ಟವೆಲ್ಲು. ಹೋಗೋ ಮುಂಚೆ ನಿನ್ನ ಹೆಡ್‌ಫೋನ್ ನನ್ನ ಹೆಸರಿಗೆ ಬರಿ,” ಎನ್ನುತ್ತಿದ್ದ. ಇಲ್ಲದ ಕೆಮ್ಮಿಗೆ ಅವನು ಮೂರು ಬಾಟಲಿ ಸಿರಪ್ ಕುಡಿದ. ಒಂದು ಮುಖವೂ ಕೆಂಪೇರಲಿಲ್ಲ. ತನ್ನ ಕೆಮ್ಮಿನ ಮೇಲೆ ಅವನಿಗೆ ಹೆಮ್ಮೆಯೇ ಬಂದುಬಿಟ್ಟಿತು; ಒಂದು ಕೆಲಸದಲ್ಲಿ ಎಂಟು ತಿಂಗಳು ತಪ್ಪಿಲ್ಲದೆ ನಡೆದದ್ದು ಅವನ ಮಟ್ಟಿಗೆ ದಾಖಲೆ.

ಒಂದು ಮಂಗಳವಾರ ಅವನು ಕೆಮ್ಮುವ ಮೊದಲೇ ಚಿಕ್ಕಮ್ಮ ಬಟ್ಟೆ ಎತ್ತಿಕೊಂಡಳು. ಅವಳು ಎತ್ತಿಕೊಂಡದ್ದು ಸರಿಯಾದ ಹೊತ್ತಿಗೇ. ಸಂಜೆ ಬಸ್ಸಿನಲ್ಲಿ ಅವನ ತೋಳು ಹಿಡಿದು ಅಲುಗಿಸಿದಳು.

“ಬಂತು ಕಣೋ! ಗೊತ್ತಾಯ್ತು ನನಗೆ. ಸಣ್ಣಗೆ, ದೂರದಿಂದ ಬಂದ ಹಾಗೆ. ಆದ್ರೂ ಗೊತ್ತಾಯ್ತು.”

ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟು, “ತಣ್ಣಗಿದೆ,” ಎಂದಳು. ಸೀಟಿನ ಕಂಬಿ ಮುಟ್ಟಿ, “ಇದು ಇನ್ನೂ ತಣ್ಣಗೆ,” ಎಂದಳು. ಐವತ್ತೆರಡರ ಹೆಂಗಸು ಮೊದಲ ಸಲ ಬಸ್ ಹತ್ತಿದ ಮಗುವಿನಂತೆ ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟುತ್ತಿದ್ದಳು.

ನಿಜವಾಗಿ ನಡೆದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ಗಿರಾಕಿಯ ಹುಬ್ಬು ಚೂರು ಗಂಟಿಕ್ಕಿತ್ತು. ಚಿಕ್ಕಮ್ಮ ಆ ಕ್ಷಣ ಕಣ್ಣು ತೆರೆದಿದ್ದಳು. ಹುಬ್ಬು ನೋಡಿಯೇ ಬಟ್ಟೆ ಎತ್ತಿಕೊಂಡಿದ್ದಳು, ತನಗೇ ಗೊತ್ತಿಲ್ಲದೆ. ಇಷ್ಟನ್ನು ಹೇಳಬಹುದಿತ್ತು.

“ಹೌದಾ ಚಿಕ್ಕಮ್ಮಾ! ನಾನು ಹೇಳ್ಲಿಲ್ವಾ, ಬಂದೇ ಬರುತ್ತೆ ಅಂತ!” ಎಂದ.

ವಿಮೆ ಮಾರುವಾಗ ಇಷ್ಟು ಸೊಗಸಾಗಿ ಸುಳ್ಳು ಹೇಳಿದ್ದರೆ ಅವನು ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದ.

ಆ ವಾರವೇ, ಗುರುವಾರ, ಗಣಿತದ ಟೀಚರ್ ಬಂದರು. ಶನಿವಾರ ಅವರು ನಿವೃತ್ತರಾಗುವ ದಿನ. ಮೂವತ್ನಾಲ್ಕು ವರ್ಷ ಒಂದೇ ಶಾಲೆ. ವೇದಿಕೆ, ಭಾಷಣ, ಹಳೆಯ ವಿದ್ಯಾರ್ಥಿಗಳು, ಫೋಟೋ.

“ಒಂದೇ ಒಂದು ಆಸೆ,” ಎಂದರು ಟೀಚರ್, ಮಲಗಿ ಸ್ಕಾರ್ಫ್ ಮಡಿಸಿ ಹೊಟ್ಟೆಯ ಮೇಲಿಟ್ಟುಕೊಳ್ಳುತ್ತ. “ಶಾಲೆಯ ಎಲ್ಲಾ ಗ್ರೂಪ್ ಫೋಟೋದಲ್ಲೂ ಒಂದು ಟೊಮೆಟೊ ಇದೆ. ಕೊನೆಯದ್ರಲ್ಲಿ ಬೇಡ.”

“ಕಣ್ಣು ಮುಚ್ಕೊಳ್ಳಿ,” ಎಂದಳು ಚಿಕ್ಕಮ್ಮ.

ಕೈ ತೊಳೆಯುವ ಸಿಂಕಿನ ಹತ್ತಿರ ಅವನ ಕಡೆ ಬಾಗಿ ಪಿಸುಗುಟ್ಟಿದಳು. “ಇವತ್ತು ಕೆಮ್ಬೇಡ.”

“ಚಿಕ್ಕಮ್ಮಾ…”

“ಮೇಡಂ.”

“ಮೇಡಂ, ಬೇರೆ ಯಾರದ್ರಲ್ಲಾದ್ರೂ ನೋಡೋಣ. ಇದು ಟೀಚರ್ ಮುಖ.”

“ಟೀಚರ್ ಮುಖ ಅಂತಾನೇ ಹೇಳ್ತಿರೋದು. ಆ ಮುಖ ನನಗೆ ಬಾಯಿಪಾಠ. ಒಂದು ಸಲ, ಒಂದೇ ಸಲ ನಾನೇ ನೋಡ್ಕೋತೀನಿ ಕಣೋ. ನೀನು ಕೆಮ್ತಾ ಇದ್ರೆ ನನ್ನ ಕೈಗೆ ನಂಬಿಕೆನೇ ಬರಲ್ಲ.”

ಆಗಲ್ಲ ಎನ್ನಬೇಕಿತ್ತು. “ಸರಿ,” ಎಂದ.

ಚಿಕ್ಕಮ್ಮ ಆಮ್ಲ ಹಚ್ಚಿದಳು, ಎರಡು ಬೆರಳು ಮಲಗಿಸಿದಳು, ಕಣ್ಣು ಮುಚ್ಚಿದಳು. ಅವನು ಅಭ್ಯಾಸಬಲದಿಂದ ಇನ್ನೊಂದು ಕೆನ್ನೆಗೆ ಬೆರಳು ತಾಗಿಸಿದ. ಮೊದಲು ಏನೂ ಇರಲಿಲ್ಲ. ಆಮೇಲೆ ಒಲೆಯ ಮೇಲಿಟ್ಟ ಪಾತ್ರೆಯ ತಳ ಬೆಚ್ಚಗಾಗುವ ಹಾಗೆ, ಒಳಗಿನಿಂದ, ಬಿಸಿ ಬಂತು.

ಕೆಮ್ಮು ಗಂಟಲಿಗೆ ಬಂದು ನಿಂತಿತು.

ಅವನು ಚಿಕ್ಕಮ್ಮನ ಮುಖ ನೋಡಿದ. ತಲೆ ಓರೆಯಾಗಿತ್ತು. ಲೋಟದ ದಿನದ ಮೊದಲು ಹೇಗೆ ಕೂರುತ್ತಿದ್ದಳೋ ಹಾಗೇ ಕೂತಿದ್ದಳು, ಕೇಳಿಸಿಕೊಳ್ಳುತ್ತ. ತುಟಿಯ ಒಂದು ಕೊನೆಯಲ್ಲಿ ನಗು ಕೂಡ ಇತ್ತು. ಈಗ ಗೊತ್ತಾಗುತ್ತದೆ ಅವಳಿಗೆ, ಇನ್ನೊಂದು ಕ್ಷಣ, ಎಂದುಕೊಂಡ. ಹತ್ತರವರೆಗೆ ಎಣಿಸಿದ. ಬೆರಳ ಕೆಳಗಿನ ಬಿಸಿ ಹೆಚ್ಚುತ್ತಲೇ ಇತ್ತು. ಮತ್ತೆ ಹತ್ತು ಎಣಿಸಿದ. ಹೊದಿಕೆಯ ಕೆಳಗೆ ಟೀಚರ್ ಕಾಲ್ಬೆರಳು ಮುದುಡಿಕೊಂಡಿದ್ದು ಅವನಿಗೆ ಕಂಡಿತು. ಆಗಲೂ ಕೆಮ್ಮಲಿಲ್ಲ.

“ಸ್ವಲ್ಪ ಚುರುಚುರು ಅಂತಿದೆ,” ಎಂದರು ಟೀಚರ್. “ಅದು ಸರಿನೇ ಅಲ್ವಾ?”

“ಒಂದ್ನಿಮಿಷ ಟೀಚರ್. ಇನ್ನೂ ತಣ್ಣಗೇ ಇದೆ,” ಎಂದಳು ಚಿಕ್ಕಮ್ಮ.

ಟೀಚರ್ ಮತ್ತೆ ಮಾತಾಡಲಿಲ್ಲ. ಅವರಿಗೆ ಆ ಕೈಯ ಮೇಲೆ ಅಷ್ಟು ನಂಬಿಕೆ.

ಅವನು ಕೆಮ್ಮಿದ. ಚಿಕ್ಕಮ್ಮ ಕಣ್ಣು ಬಿಟ್ಟಳು. ಕೆಂಪು ಆಗಲೇ ಎದ್ದಿತ್ತು.

ತಣ್ಣನೆಯ ಬಟ್ಟೆಯ ಮೇಲೆ ತಣ್ಣನೆಯ ಬಟ್ಟೆ ಹಾಕಿದರು. ಅವನು ಓಡಿ ಓಡಿ ನೀರು ತಂದ. ಒಂದು ಗಂಟೆ ಕಳೆದರೂ ಕೆಂಪು ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಟೀಚರ ಎರಡೂ ಕೆನ್ನೆ ಊದಿ, ಚರ್ಮ ಒಡೆದು ನೀರೊಸರಲು ಶುರುವಾಯಿತೆಂದು ಅವರ ತಮ್ಮ ಫೋನ್ ಮಾಡಿದರು. ಡಾಕ್ಟರು ಹದಿನೈದು ದಿನ ಮನೆಯಲ್ಲೇ ಇರಿ ಎಂದಿದ್ದರಂತೆ. ಶನಿವಾರ ಶಾಲೆಯವರು ಖಾಲಿ ಕುರ್ಚಿಯ ಮೇಲೆ ಹೂಗುಚ್ಛವಿಟ್ಟು, ಅದರ ಸುತ್ತ ನಿಂತು ಫೋಟೋ ತೆಗೆಸಿಕೊಂಡರು.

ಶುಕ್ರವಾರ ಬೆಳಗ್ಗೆ ಯಜಮಾನಿ ಇಬ್ಬರನ್ನೂ ಕರೆದು ಬಾಗಿಲು ಹಾಕಿದರು. ಅವರು ಏನಾದರೂ ಕೇಳುವ ಮೊದಲೇ ಅವನು, “ತಪ್ಪು ನಂದು ಮೇಡಂ. ನಾನೇ ಹಚ್ಚಿದ್ದು,” ಎಂದ.

“ಸುಮ್ನಿರು,” ಎಂದಳು ಚಿಕ್ಕಮ್ಮ. ಎರಡೂ ಕೈ ಮೇಜಿನ ಮೇಲೆ ಅಂಗಾತ ಇಟ್ಟಳು. “ಇದರಲ್ಲಿ ಏನೂ ಗೊತ್ತಾಗಲ್ಲ ನನಗೆ. ಎಂಟು ತಿಂಗಳಾಯ್ತು.”

ಯಜಮಾನಿ ಆ ಬೆರಳುಗಳನ್ನು ನೋಡಿದರು, ಅವನನ್ನು ನೋಡಿದರು. ಕೆಮ್ಮಿನ ವಿಷಯ ಅವರಿಗೆ ನಿಧಾನವಾಗಿ ಹೊಳೆದದ್ದು ಮುಖದಲ್ಲಿ ಕಂಡಿತು.

“ಹದಿನಾರು ವರ್ಷ ಜೊತೆಗಿದ್ದೀವಿ,” ಎಂದರು. “ಒಂದ್ಮಾತು ಹೇಳಿದ್ರೆ ನಾನೇನು ನಿಮ್ಮನ್ನ ಆಚೆ ಹಾಕ್ತಿದ್ನಾ?”

ಬೈದಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ಮೂರು ಸ್ಟಾಪು ಕಳೆದ ಮೇಲೆ ಚಿಕ್ಕಮ್ಮ ಕೇಳಿದಳು.

“ನಿನಗೆ ಗೊತ್ತಾಗಿತ್ತಾ? ಬಿಸಿ?”

ಇಲ್ಲ ಎನ್ನುವುದು ಸುಲಭವಾಗಿತ್ತು. “ಗೊತ್ತಾಗಿತ್ತು.”

“ಯಾವಾಗ?”

“ಮೊದಲೇ. ಕೆಂಪಾಗೋಕೆ ಎಷ್ಟೋ ಮುಂಚೆ.”

“ಕೆಮ್ಬೇಡ ಅಂದಿದ್ದೆ. ನಿಜ. ಆದ್ರೂ ನೀನು… ಯಾಕೋ?”

“ನೀನು ಅಷ್ಟು ಖುಷಿಯಾಗಿದ್ದೆ ಚಿಕ್ಕಮ್ಮಾ.”

ಒಂದು ಸ್ಟಾಪು ಬಂತು, ಜನ ಇಳಿದರು, ಹತ್ತಿದರು.

“ನಿನ್ನ ಕೈ ಕೆಳಗೆ ಇದ್ದಿದ್ದು ಯಾರ ಮುಖ?” ಎಂದಳು. “ನಂದಾ?”

ಅವನು ತನ್ನ ಅಂಗೈ ನೋಡಿಕೊಂಡ.

“ಮಂಗಳವಾರದ್ದು?” ಎಂದಳು, ಕಿಟಕಿಯಾಚೆ ನೋಡುತ್ತಲೇ. “ಅದಾದ್ರೂ ನಿಜ ತಾನೆ?”

“ಅವರ ಹುಬ್ಬು ಅಲ್ಲಾಡ್ತು. ನೀನು ನೋಡಿರ್ಬೇಕು.”

ಚಿಕ್ಕಮ್ಮ ತಲೆಯಾಡಿಸಿದಳು. ಕಂಬಿಯ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವನ ಬಾಯಿಂದ ಬಂದ ಸತ್ಯಗಳು ಜೀವಮಾನದಲ್ಲೇ ಕಡಿಮೆ. ಅದರಲ್ಲಿ ಎರಡನ್ನು ಒಂದೇ ಪ್ರಯಾಣದಲ್ಲಿ ಅವಳಿಗೇ ಕೊಟ್ಟಿದ್ದ.

ಭಾನುವಾರ ಇಬ್ಬರೂ ಟೀಚರ ಮನೆಗೆ ಹೋದರು. ಟೀಚರ್ ಬಾಗಿಲನ್ನು ಅರ್ಧ ಮಾತ್ರ ತೆಗೆದರು. ಮುಖದ ತುಂಬ ಬಿಳಿ ಮುಲಾಮು; ಅದರ ಕೆಳಗೆ ಹಸಿ ಕೆಂಪು. ಚಿಕ್ಕಮ್ಮ ನಡೆದದ್ದನ್ನೆಲ್ಲ ಹೇಳಿದಳು. ಬೆರಳು, ಎಂಟು ತಿಂಗಳು, ಕೆಮ್ಮು. ತನ್ನನ್ನು ಉಳಿಸಿಕೊಳ್ಳುವ ಒಂದು ಮಾತೂ ಸೇರಿಸಲಿಲ್ಲ. ಅವನನ್ನು ಉಳಿಸುವ ಮಾತನ್ನೂ ಸೇರಿಸಲಿಲ್ಲ.

“ಮುಖ ವಾಸಿಯಾಗುತ್ತಂತೆ,” ಎಂದರು ಟೀಚರ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. “ಡಾಕ್ಟರ್ ಹೇಳಿದಾರೆ, ಕಲೆ ಉಳಿಯಲ್ಲ ಅಂತ. ಅದಲ್ಲ ನನಗೆ. ನಾನು ಯಾರ ಎದುರಿಗೂ ಕಣ್ಣು ಮುಚ್ಚಿ ಮಲಗಿದವಳಲ್ಲ. ನಿಮ್ಮೆದುರು ಮಲಗಿದೆ. ಇನ್ನು ಆಗಲ್ಲ.” ಬಾಗಿಲಿನ ಮೇಲೆ ಕೈಯಿಟ್ಟು, “ಉರಿ ತಡಕೊಂಡೆ ಕಣ್ರೀ. ನೀವು ತಣ್ಣಗಿದೆ ಅಂದ್ರಲ್ಲ, ಉರಿ ಸುಳ್ಳಿರಬೇಕು ಅಂದ್ಕೊಂಡೆ,” ಎಂದರು.

ಬಾಗಿಲು ಮೆಲ್ಲಗೆ ಮುಚ್ಚಿತು. ಮೆಟ್ಟಿಲಿಳಿಯುವಾಗ ಚಿಕ್ಕಮ್ಮ ಗೋಡೆ ಹಿಡಿದುಕೊಂಡಳು. ಅವನು ತೋಳು ಚಾಚಿದ, ಅವಳು ಹಿಡಿಯಲಿಲ್ಲ.

ಅವಳು ಮತ್ತೆ ಪಾರ್ಲರಿಗೆ ಹೋಗಲಿಲ್ಲ. ಕೌಂಟರಿನಲ್ಲಿ ಕೂತುಕೊಳ್ಳಿ, ಬರೀ ಹೇಳಿಕೊಡಿ ಎಂದು ಯಜಮಾನಿ ಎರಡು ಸಲ ಮನೆಗೇ ಬಂದು ಕರೆದರು. ಚಿಕ್ಕಮ್ಮ ಅವರಿಗೆ ಟೀ ಮಾಡಿಕೊಟ್ಟು ಕಳಿಸಿದಳು. ಕಾರ್ಡುಗಳ ಪೆಟ್ಟಿಗೆ ಅವನ ಪಾಲಿಗೆ ಬಂತು. ಯಜಮಾನಿ ಹಿಂದಿನ ಕೋಣೆಗೊಂದು ಗಡಿಯಾರ ತಂದು ಹಾಕಿಸಿದರು. ಗಿರಾಕಿಗಳಲ್ಲಿ ಅರ್ಧ ಜನ ಉಳಿದರು. “ಮೇಡಂ ಎಲ್ಲಿ?” ಎಂದು ಕೇಳಿದವರಿಗೆಲ್ಲ ಅವನು, “ಹುಷಾರಿಲ್ಲ,” ಎನ್ನುತ್ತಿದ್ದ. ಕತ್ತರಿ ಒಂದು ತಿಂಗಳು ಒಂದೂ ತಮಾಷೆ ಮಾಡಲಿಲ್ಲ. ಆಗ ಅವನಿಗೆ ವಿಷಯ ಎಷ್ಟು ದೊಡ್ಡದೆಂದು ಪೂರ್ತಿ ಅರ್ಥವಾಯಿತು.

ಒಂದು ದಿನ ಕೆಲಸ ಮುಗಿದ ಮೇಲೆ ಅವನು ಬಾಗಿಲು ಹಾಕಿಕೊಂಡು ಅದೇ ಆಮ್ಲವನ್ನು, ನೀರು ಬೆರೆಸದೆ, ತನ್ನ ಕೆನ್ನೆಗೆ ಹಚ್ಚಿಕೊಂಡು ಕೂತ. ಟೀಚರಿಗೆ ಹೇಗಾಗಿರಬಹುದು ಎಂದು ತಿಳಿಯಬೇಕಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಏನೂ ಆಗಲಿಲ್ಲ. ತೊಳೆದ ಮೇಲೆ ಕೆನ್ನೆ ಮೊದಲಿಗಿಂತ ಸ್ವಲ್ಪ ಹೊಳೆಯುತ್ತಿತ್ತು. ಎಮ್ಮೆ ಚರ್ಮದವನಿಗೆ ಶಿಕ್ಷೆ ಕೊಟ್ಟುಕೊಳ್ಳುವ ಯೋಗ್ಯತೆಯೂ ಇರಲಿಲ್ಲ.

ಮನೆಯಲ್ಲಿ ಚಿಕ್ಕಮ್ಮ ಮೊದಲಿನ ಹಾಗೇ ಇದ್ದಳು. ಅಡುಗೆ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಅವನ ಗಡ್ಡ ನೋಡಿ ಮುಖ ಸಿಂಡರಿಸುತ್ತಿದ್ದಳು. ದಿನಾ ಸಂಜೆ, “ಇವತ್ತು ಯಾರ್ಯಾರು ಬಂದಿದ್ರು?” ಎಂದು ಕೇಳುವುದನ್ನು ಮಾತ್ರ ಬಿಟ್ಟಳು. ಅವನಾಗಿಯೇ ಹೇಳಲು ಶುರು ಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದಳು.

ಹೀಗೇ ನಾಲ್ಕು ತಿಂಗಳು ಕಳೆದವು. ಒಂದು ಭಾನುವಾರ ಮಧ್ಯಾಹ್ನ ಅವನು ಬಿಸಿಲಿನಲ್ಲಿ ಸಾಮಾನು ತಂದು ಅಡುಗೆಮನೆಯಲ್ಲಿಟ್ಟು ಬಂದಾಗ ಚಿಕ್ಕಮ್ಮ ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದಳು.

“ಬಾ ಇಲ್ಲಿ. ಕೂತ್ಕೋ,” ಎಂದಳು.

ಅವನು ಅವಳ ಎದುರು ನೆಲದ ಮೇಲೆ ಕೂತ. ಚಿಕ್ಕಮ್ಮ ಅವನ ಕೆನ್ನೆಯ ಮೇಲೆ, ಗಡ್ಡದಿಂದ ಸ್ವಲ್ಪ ಮೇಲೆ, ಎರಡು ಬೆರಳು ಮಲಗಿಸಿದಳು. ಕಣ್ಣು ಮುಚ್ಚಿದಳು. ತಲೆ ಓರೆ ಮಾಡಿದಳು. ಹೊರಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಗೊರಗೊರ ಎನ್ನುತ್ತಿತ್ತು. ಅವಳು ಬಹಳ ಹೊತ್ತು ಹಾಗೇ ಕೂತಿದ್ದಳು.

“ತಣ್ಣಗಿದೆ,” ಎಂದಳು.

ಬಿಸಿಲಿನಲ್ಲಿ ನಡೆದು ಬಂದಿದ್ದ ಅವನ ಮುಖ ಉರಿಯುತ್ತಿತ್ತು. ಹೂಂ ಎನ್ನಲು ಒಂದು ಉಸಿರು ಸಾಕಿತ್ತು.

“ಇಲ್ಲ ಚಿಕ್ಕಮ್ಮಾ,” ಎಂದ. “ಬಿಸಿಯಿದೆ.”

ಚಿಕ್ಕಮ್ಮ ಕಣ್ಣು ಬಿಡಲಿಲ್ಲ. “ತುಂಬಾನಾ?”

“ತುಂಬಾ.”

“ಹೋಗು. ಒಂದು ಬಟ್ಟೆ ಒದ್ದೆ ಮಾಡ್ಕೊಂಡು ಬಾ.”

ತಂದುಕೊಟ್ಟ. ಚಿಕ್ಕಮ್ಮ ಅದನ್ನು ಮೂರು ಮಡಿಕೆ ಮಾಡಿ ಅವನ ಕೆನ್ನೆಗೆ ಒತ್ತಿ, ಮೇಲೆ ಅಂಗೈಯಿಟ್ಟಳು. ಒತ್ತುವುದನ್ನು ಕೈ ಮರೆತಿರಲಿಲ್ಲ.

“ಸಾಕಾದಾಗ ನೀನೇ ಹೇಳ್ಬೇಕು,” ಎಂದಳು. “ನನಗೆ ಗೊತ್ತಾಗಲ್ಲ.”

ಬಟ್ಟೆ ಮೊದಲು ಚುಳ್ಳೆಂದಿತು, ಆಮೇಲೆ ತಂಪಾಯಿತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅವನ ಕೆನ್ನೆಯ ಬಿಸಿಯನ್ನೇ ಕುಡಿದು ಬೆಚ್ಚಗಾಗತೊಡಗಿತು. ಬೆಚ್ಚಗಾದ ಬಟ್ಟೆಯನ್ನು ಮುಖದ ಮೇಲೆ ಬಿಡಬಾರದು. ಅದು ಅವಳೇ ಕಲಿಸಿದ್ದು. ಆ ಕೈ ಇನ್ನೂ ಅಲ್ಲೇ ಇರಲಿ ಎಂದು ಅವನಿಗಿತ್ತು. ನಾಲ್ಕು ತಿಂಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಇದೇ ಮೊದಲು.

“ಸಾಕು ಚಿಕ್ಕಮ್ಮಾ,” ಎಂದ.

ಅವಳು ಕೈ ತೆಗೆದಳು.